ಅಮೆರಿಕ ಎಂದರೆ ಅಮೆರಿಕವೇ

ನನ್ನ ಹೆಸರು ತೀತ. ಊರವರ ಕೈಲಾಗಿದ್ದರೆ ತೀಟೆ ಎಂದೇ ಕರೆಯುತ್ತಿದ್ದರು. ಆದರೆ ಹಾಗೆ ಕರೆದರೆ ನನ್ನ ಗುಣದ ಬಗ್ಗೆ ತೀರ್ಪು ಕೊಟ್ಟಂತಾಗುತ್ತದೆ. ನಮ್ಮೂರಿನ ಹಳ್ಳದಿಂದ ಹಿಡಿದು ರೈಲ್ವೆ ಗೇಟಿನವರೆಗೆ ಇರುವ ಯಾವ ಮನುಷ್ಯನನ್ನೂ ಯಾವ ವಸ್ತುವನ್ನೂ ಒಳ್ಳೆಯದು ಕೆಟ್ಟದ್ದು ಎನ್ನಲು ಹೊರಟರೆ, ಇಲ್ಲಿ ಯಾರಿಗೂ ಗಂಟಲು ಬಿಟ್ಟುಕೊಡುವುದಿಲ್ಲ. ಬಿಸಿ ಬಟಾಟೆಯ ತುಂಡು ಸಿಕ್ಕಿಕೊಂಡಂತಾಗಿ ಮಾತು ಅಲ್ಲೇ ನಿಲ್ಲುತ್ತದೆ. ಉಪ್ಪು ಕೇಳಬಹುದು, ಉಪ್ಪು ಹೆಚ್ಚಾಯಿತು ಎನ್ನಲಾಗದು. ಸೀರೆಯ ಬೆಲೆ ಕೇಳಬಹುದು, ಸೀರೆ ಒಪ್ಪುತ್ತದೆ ಎನ್ನಲಾಗದು. ಹೊಗಳಿಕೆಗೂ ಬೈಗುಳಕ್ಕೂ ಒಂದೇ ಬಾಗಿಲು, ಅದಕ್ಕೆ ಒಂದೇ ಬೀಗ. ನಾನು ಊರಿನ ಅರ್ಧ ಜನರ ದನಿಯನ್ನು ಅನುಕರಿಸಬಲ್ಲೆ. ಚರ್ಚಿನ ಅಯ್ಯನವರ ದನಿಯಲ್ಲಿ ಹೇಳಿದರೆ ದಾಟೀತೇನೋ ಎಂದು ಪ್ರಯತ್ನಿಸಿಯೂ ನೋಡಿದ್ದೇನೆ. ದನಿ ಅವರದಾದರೂ ಗಂಟಲು ನನ್ನದೇ ತಾನೆ. ಆದ್ದರಿಂದಲೇ ಈ ಕಥೆಯನ್ನು ಗೇಟಿನಾಚೆಯ ಚಹಾದಂಗಡಿಯ ಬೆಂಚಿನ ಮೇಲೆ ಕೂತು ಹೇಳುತ್ತಿದ್ದೇನೆ.

ಹಾಗೆಂದು ನಮ್ಮದು ಮೂಗರ ಊರೇನಲ್ಲ. ಅಭಿಪ್ರಾಯವನ್ನು ಹೊಟ್ಟೆಯಲ್ಲಿಟ್ಟುಕೊಂಡು ಮನುಷ್ಯ ಎಷ್ಟು ದಿನ ಬದುಕಿಯಾನು? ನಮ್ಮ ಹಿರಿಯರು ಗಡಿಯಾಚೆಯ ಊರು ದೇಶಗಳನ್ನು ಒಂದೊಂದಾಗಿ ಪ್ರಯೋಗಿಸಿ ನೋಡಿದರಂತೆ. ದಿಲ್ಲಿಯ ಬಗ್ಗೆ ಮಾತಾಡಿದರೆ ಪೊಲೀಸರು ಬಂದರು. ರಷ್ಯಾದ ಸುದ್ದಿ ಆಗೆಲ್ಲ ಸಾಕಷ್ಟು ಬರುತ್ತಿರಲಿಲ್ಲ. ಕೊನೆಗೆ ಅಮೆರಿಕ ಹದವಾಗಿ ಕೂತಿತು. ದೊಡ್ಡದು, ಗದ್ದಲದ್ದು, ದಿನವೂ ಪತ್ರಿಕೆಯಲ್ಲಿ ಬರುವಂಥದು, ನಮ್ಮಲ್ಲಿ ಯಾರೂ ನೋಡಿರದಂಥದು. ಅಂದಿನಿಂದ ಊರಿನ ಜಗಳ, ಪ್ರೀತಿ, ಹೊಟ್ಟೆಕಿಚ್ಚು ಎಲ್ಲವೂ ಅಮೆರಿಕದ ಮೂಲಕವೇ ಹೋಗಿ ಬರುತ್ತವೆ. ಅಧ್ಯಕ್ಷ ಎಂದರೆ ಮನೆಯ ಯಜಮಾನ. ಸೆನೆಟ್ ಎಂದರೆ ಅಡಿಗೆಮನೆ, ಅಲ್ಲಿ ನಡೆಯುವುದು ಸೆಣಸಾಟ. ಗಂಡ ಬೆಳಿಗ್ಗೆ ಪತ್ರಿಕೆ ಮಡಚಿಟ್ಟು “ಅಮೇರಿಕಾದಾವ್ರು ಸುಂಕ ಹಾಕ್ಯಾರಂತ” ಎಂದರೆ ಹೆಂಡತಿಗೆ ಸುಮ್ಕಿರು ಎಂದು ಅರ್ಥ. ವಿದೇಶಾಂಗ ಇಲಾಖೆಯನ್ನು ನಾನು ವಿದೇಶಾಂಗಳ ಎನ್ನುತ್ತಿದ್ದೆ, ಏಕೆಂದರೆ ವಿದೇಶವೆಲ್ಲ ಇದ್ದದ್ದು ನಮ್ಮ ನಮ್ಮ ಅಂಗಳದಲ್ಲೇ.

ನಮ್ಮದು ಹಳೆಯ ಮಿಷನ್ನಿನ ಕ್ರೈಸ್ತರ ಓಣಿ. ಬೇರೆ ಊರುಗಳಲ್ಲಿ ಮತದಾನ ಕೆಲವು ವರ್ಷಗಳಿಗೊಮ್ಮೆ ನಡೆದರೆ ನಮ್ಮಲ್ಲಿ ಮತಪ್ರದರ್ಶನ ಭಾನುವಾರ ಭಾನುವಾರ ನಡೆಯುತ್ತದೆ. ಚರ್ಚಿನಲ್ಲಿ ಪ್ರಸಂಗ ಮುಗಿದ ಮೇಲೆ ರಾಷ್ಟ್ರಗಳಿಗಾಗಿ ಪ್ರಾರ್ಥನೆ ಎಂದು ಒಂದು ಹೊತ್ತು ಇರುತ್ತದೆ. ಸಭೆಯ ಹಿರಿಯರು ಒಬ್ಬೊಬ್ಬರಾಗಿ ಎದ್ದು ಕಣ್ಣು ಮುಚ್ಚಿ ಅಮೆರಿಕಕ್ಕಾಗಿ ಬೇಡಿಕೊಳ್ಳುತ್ತಾರೆ; ಉಳಿದವರು ಕಣ್ಣು ತೆರೆದುಕೊಂಡು ಅದು ಯಾರ ಮನೆಯ ಅಮೆರಿಕ ಎಂದು ಹುಡುಕುತ್ತಾರೆ. ಅಯ್ಯನವರು, ಅಂದರೆ ನಮ್ಮ ಸಭಾಪಾಲಕರು, ಎರಡೂ ಕೈ ಮೇಲೆತ್ತಿ “ಆ ದೇಶದ ಶಾಲೆಗಳಲ್ಲಿ ಪ್ರಾರ್ಥನೆ ನಿಂತುಹೋಯಿತು, ಆದ್ದರಿಂದಲೇ ಗುಂಡಿನ ಶಬ್ದ ಕೇಳುತ್ತಿದೆ” ಎಂದರೆ, ಹಿಂದಿನ ಸಾಲಿನಲ್ಲಿ ಪಟಾಕಿ ಹೊಡೆದ ಹುಡುಗರ ತಂದೆಯರು ತಲೆ ತಗ್ಗಿಸುತ್ತಾರೆ.

ಈ ಪ್ರಾರ್ಥನೆಗಳಲ್ಲಿ ಊರೇ ನಡುಗುತ್ತಿದ್ದದ್ದು ನನ್ನ ಸೋದರಮಾವ ಯೋತಾಮಪ್ಪ ಮಾಸ್ತರರದಕ್ಕೆ. ಮಿಷನ್ ಶಾಲೆಯಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು, ಎತ್ತರದ ಆಳು, ಉದ್ದ ಕೋಟು, ಮಾತು ಬಲು ಕಡಿಮೆ. ಮನೆಯಲ್ಲಿ ಅವರು ಅಧ್ಯಕ್ಷ ಸೆನೆಟ್ ಎಂದದ್ದನ್ನು ನಾನು ಕೇಳಿಲ್ಲ. ಅತ್ತೆ ಬದುಕಿರುವವರೆಗೆ ಆ ಖಾತೆ ಆಕೆಯದಾಗಿತ್ತು. ಆದರೆ ಚರ್ಚಿನಲ್ಲಿ ಎದ್ದು ನಿಂತರೆಂದರೆ ಮಾವನ ಬಾಯಿಂದ ಅಮೆರಿಕದ ರಾಜ್ಯಗಳ ಹೆಸರುಗಳು ಒಂದೊಂದಾಗಿ ಹೊರಡುತ್ತಿದ್ದವು. ಗಂಡು ಹೆಣ್ಣಿನ ಮದುವೆಯನ್ನು ದೇವರು ಕಟ್ಟಿದ ರೀತಿಯಲ್ಲೇ ಆ ದೇಶ ಇಟ್ಟುಕೊಳ್ಳಲಿ. ಇಸ್ರಾಯೇಲಿನ ಕೈ ಬಿಡದಿರಲಿ. ಯುದ್ಧಕ್ಕೆ ಹಣ ಕಳಿಸುವಾಗ ವಿಧವೆಯರನ್ನು ನೆನೆಯಲಿ. ಗಡಿ ಕಾಯಲಿ, ಆದರೆ ಗಡಿಯಲ್ಲಿ ಬಾಯಾರಿದವನಿಗೆ ನೀರು ಕೊಡಲಿ. ಪ್ರತಿಯೊಂದು ವಾಕ್ಯಕ್ಕೂ ಜನ ಒಂದೊಂದು ಮನೆಯನ್ನು ಹೊಂದಿಸುತ್ತಿದ್ದರು. ಮಾಸ್ತರರಿಗೆ ಊರಿನ ಸಂದಿಗೊಂದಿಯೆಲ್ಲ ಗೊತ್ತು, ಯಾರನ್ನೂ ಬಿಡುವುದಿಲ್ಲ ಎಂಬ ಹೆಸರು ಹುಟ್ಟಿತ್ತು.

ನಿಜ ಸಂಗತಿ ಗೊತ್ತಿದ್ದದ್ದು ನನಗೊಬ್ಬನಿಗೆ. ಮಾವನ ಫೋನಿಗೆ ಅಮೆರಿಕದ ಬೋಧಕರ ಪ್ರಸಂಗಗಳನ್ನು, ಅಲ್ಲಿಯ ಸುದ್ದಿಗಳನ್ನು ಇಳಿಸಿಕೊಡುತ್ತಿದ್ದವನು ನಾನು. ಚಿಕ್ಕಂದಿನಲ್ಲಿ ಅವರಿಗೆ ಅಕ್ಷರ ಕಲಿಸಿ, ಟೈಫಾಯ್ಡ್ ಬಂದಾಗ ಹಾಸಿಗೆಯ ಪಕ್ಕ ಕೂತು ಬದುಕಿಸಿದ್ದು ಅಲ್ಲಿಂದ ಬಂದಿದ್ದ ಒಬ್ಬ ಮಿಸ್ಸಮ್ಮ. ಆಕೆ ಮರಳಿ ಹೋಗುವಾಗ “ನಮ್ಮ ದೇಶಕ್ಕಾಗಿ ಪ್ರಾರ್ಥಿಸು” ಎಂದಿದ್ದಳಂತೆ. ಮಾವ ಅದನ್ನು ಹಾಗೇ ನಡೆಸಿಕೊಂಡು ಬಂದಿದ್ದರು. ಅಲ್ಲಿ ಚುನಾವಣೆಯಾದರೆ ಇಲ್ಲಿ ಇವರ ಉಪವಾಸ. ಅಲ್ಲಿ ಕೋರ್ಟು ತೀರ್ಪು ಕೊಟ್ಟರೆ ಇಲ್ಲಿ ಇವರಿಗೆ ನಿದ್ರೆಯಿಲ್ಲ. ಮಾವ ಅಮೆರಿಕ ಎಂದಾಗ ಅದು ಅಮೆರಿಕವೇ ಆಗಿತ್ತು. ಇದನ್ನು ಊರಿಗೆ ಹೇಳೋಣವೆಂದರೆ, ಆತ ನಿರಪರಾಧಿ ಎನ್ನುವುದೂ ತೀರ್ಪೇ. ಬಟಾಟೆ ಸಿಕ್ಕಿಕೊಳ್ಳುತ್ತಿತ್ತು.

ಮಾವನ ಒಬ್ಬನೇ ಮಗ ಒಬೇದಣ್ಣ, ಔಷಧದ ಅಂಗಡಿಯವನು. ಅವನ ಹೆಂಡತಿ ತಬಿತಾ ವೈನಿ ಗೇಟಿನಾಚೆಯ ಊರಿನವಳು, ಸರಕಾರಿ ಆಸ್ಪತ್ರೆಯಲ್ಲಿ ನರ್ಸು. ಮದುವೆಯಾದ ಹೊಸದರಲ್ಲಿ ಒಬೇದಣ್ಣ ದಿನವೂ ಕ್ಯಾಲಿಫೋರ್ನಿಯಾದ ಸಮುದ್ರತೀರವನ್ನು ವರ್ಣಿಸುತ್ತಿದ್ದದ್ದನ್ನು ಕೇಳಿ, ಗಂಡ ಬಿಟ್ಟು ಹೋಗುವ ಆಲೋಚನೆಯಲ್ಲಿದ್ದಾನೆಂದು ವೈನಿ ಹೆದರಿದ್ದಳಂತೆ. ಆ ತೀರ ತಾನೇ ಎಂದು ಗೊತ್ತಾಗಲು ಮಳೆಗಾಲ ಕಳೆಯಬೇಕಾಯಿತು. ಆಮೇಲೆ ಭಾಷೆಯನ್ನು ನಮಗಿಂತ ಚೆನ್ನಾಗಿ ಕಲಿತಳು. ಹೊಸದಾಗಿ ಕಲಿತವರು ಹಾಗೆಯೇ. ಎಲ್ಲದರಲ್ಲೂ ಅರ್ಥ ಹುಡುಕುತ್ತಾರೆ. ಆಸ್ಪತ್ರೆಯ ಬಿಳಿ ಸೀರೆಯುಟ್ಟು ಓಣಿ ದಾಟುವಾಗ ಕಟ್ಟೆಯ ಮೇಲಿನ ಹೆಂಗಸರು “ಅಮೇರಿಕಾದಾಗ ಹೆಣ್ಣಮಕ್ಕಳು ಮನಿ ಮಾರು ಬಿಟ್ಟು ಆಫೀಸಿಗೆ ಹೊಂಟಾರಂತ, ಕುಟುಂಬ ಹೆಂಗ ಉಳೀಬೇಕ ಯವ್ವಾ” ಎಂದರೆ, ನಡಿಗೆ ನಿಲ್ಲಿಸದೆ “ಅಲ್ಲೆ ಯಾರೂ ಕಟ್ಟೀಮ್ಯಾಲ ಕುಂತ ಮಂದಿ ಎಣಸೂದಿಲ್ಲಂತ, ಅದಕ್ಕ ದೇಶ ನಡದೈತಿ” ಎನ್ನುತ್ತಿದ್ದಳು.

ಆಕೆ ಬಸಿರಾದಳು. ಕೆಲಸ ಬಿಡಲಿಲ್ಲ. ಐದು ತಿಂಗಳು ತುಂಬಿದ ಮೇಲೆ ಮಗು ಉಳಿಯಲಿಲ್ಲ.

ನಮ್ಮೂರಿನ ಕಾಯಿದೆ ಎಷ್ಟು ಕಠಿಣವೆಂದು ನನಗೆ ತಿಳಿದದ್ದು ಆಗ. ಪಾಪ ಎನ್ನುವುದೂ ತೀರ್ಪು. ನಿನ್ನ ತಪ್ಪಲ್ಲ ಎನ್ನುವುದು ಇನ್ನೂ ದೊಡ್ಡ ತೀರ್ಪು. ನೋಡಲು ಬಂದ ಹೆಂಗಸರು ವೈನಿಯ ಕೈ ಹಿಡಿದುಕೊಂಡು “ಮಿಸಿಸಿಪ್ಪಿ ಹೊಳಿಗೆ ಭಾಳ ನೀರು ಬಂದೈತಂತ” ಎಂದು ಕಣ್ಣೊರೆಸಿಕೊಳ್ಳುತ್ತಿದ್ದರು. ವೈನಿ ಹೂಂಗುಟ್ಟುತ್ತಿದ್ದಳು. ಒಬೇದಣ್ಣ ಅಂಗಡಿಯನ್ನು ಬೇಗ ತೆಗೆದು ತಡವಾಗಿ ಮುಚ್ಚತೊಡಗಿದ. ಮಾವನಿಗೆ ಮೊದಲೇ ಮಾತು ಕಡಿಮೆ. ಸೊಸೆಯ ಕೋಣೆಯ ಬಾಗಿಲಿನವರೆಗೆ ಹಾಲಿನ ಲೋಟ ಹಿಡಿದುಕೊಂಡು ಹೋಗಿ, ಹೊಸ್ತಿಲ ಮೇಲಿಟ್ಟು ಹಿಂದಿರುಗುತ್ತಿದ್ದರು. ಆ ಮನೆಯಲ್ಲಿ ಎಲ್ಲರೂ ಒಬ್ಬರನ್ನೊಬ್ಬರು ತಾಗದಂತೆ ನಡೆಯುವುದನ್ನು ರೂಢಿಸಿಕೊಂಡರು. ವೈನಿ ಮತ್ತೆ ಆಸ್ಪತ್ರೆಗೆ ಹೋಗತೊಡಗಿದಳು.

ಹೀಗಿರುವಾಗ ಆ ಭಾನುವಾರ ಬಂತು. ಹಿಂದಿನ ವಾರ ಅಲ್ಲಿಯ ಒಂದು ಸುದ್ದಿಯನ್ನು ಮಾವನಿಗೆ ನಾನೇ ಇಳಿಸಿಕೊಟ್ಟಿದ್ದೆ. ಗರ್ಭಪಾತದ ವಿಷಯವನ್ನು ಆಯಾ ರಾಜ್ಯಗಳೇ ತೀರ್ಮಾನಿಸಿಕೊಳ್ಳಲಿ ಎಂದು ಅಲ್ಲಿಯ ಮೇಲಿನ ಕೋರ್ಟು ಬಿಟ್ಟ ಮೇಲೆ, ಕೆಲವು ರಾಜ್ಯಗಳು ಅದನ್ನು ನಿಷೇಧಿಸಿ ಕೆಲವು ರಾಜ್ಯಗಳು ತಮ್ಮ ಸಂವಿಧಾನದಲ್ಲೇ ಅದಕ್ಕೆ ಹಕ್ಕು ಬರೆದುಕೊಂಡಿದ್ದವು. ಮಾವ ಅದನ್ನು ಮತ್ತೆ ಮತ್ತೆ ಕೇಳಿಸಿಕೊಂಡು ಊಟ ಬಿಟ್ಟಿದ್ದರು. ಪ್ರಾರ್ಥನೆಯ ಹೊತ್ತಿಗೆ ಎದ್ದು ನಿಂತು ಕೋಟಿನ ಗುಂಡಿ ಹಾಕಿಕೊಂಡರು.

“ಪರಲೋಕದ ತಂದೆಯೇ,” ಎಂದರು. ದನಿ ಆಗಲೇ ಒಡೆದಿತ್ತು. “ಆ ದೇಶದಲ್ಲಿ ಹುಟ್ಟದೇ ಹೋದ ಕೂಸುಗಳನ್ನು ನೆನೆಯುತ್ತೇನೆ. ನೌಕರಿಯ ಸಲುವಾಗಿ, ಸಂಬಳದ ಸಲುವಾಗಿ, ತಾಯಂದಿರು ನೀನು ಕೊಟ್ಟ ವರವನ್ನು ಹೊಟ್ಟೆಯಿಂದಲೇ ಹಿಂದಕ್ಕೆ ಕಳಿಸುತ್ತಿದ್ದಾರೆ. ಮನೆಯವರು ನೋಡಿ ಸುಮ್ಮನಿದ್ದಾರೆ. ಆ ರಕ್ತವನ್ನು ಯಾವ ನೀರು ತೊಳೆದೀತು ತಂದೆಯೇ. ಆದರೂ ಆ ಮನೆಗಳನ್ನು ಕರುಣಿಸು.” ಮಾವ ಅಳುತ್ತಿದ್ದರು. ಅವರ ಅಳುವನ್ನು ಸಭೆ ಅದುವರೆಗೆ ಕಂಡಿರಲಿಲ್ಲ.

ಚರ್ಚಿನಲ್ಲಿ ಒಂದು ತಲೆಯೂ ನೆಟ್ಟಗಿರಲಿಲ್ಲ. ಎಲ್ಲವೂ ಹೆಂಗಸರ ಮೂರನೆಯ ಸಾಲಿನ ಕಡೆಗೆ ತಿರುಗಿದ್ದವು. ತಬಿತಾ ವೈನಿ ಎದ್ದಳು. ಚೀಲ ಹೆಗಲಿಗೆ ಹಾಕಿಕೊಂಡು ನಡುವಿನ ದಾರಿಯಲ್ಲಿ ನಡೆದು ಹೊರಗೆ ಹೋದಳು. ನಾನು ಹಿಂದೆಯೇ ಓಡಿದೆ, ನನ್ನ ಹಿಂದೆ ಅರ್ಧ ಸಭೆ. ಆಕೆ ತಿರುಗಿ ನೋಡದೆ ಓಣಿ ದಾಟಿ, ಸಂತೆ ಮೈದಾನ ದಾಟಿ, ರೈಲ್ವೆ ಗೇಟಿನಾಚೆ ಕಾಲಿಟ್ಟ ಮೇಲೆ ನಮ್ಮ ಕಡೆಗೆ ತಿರುಗಿದಳು. ಅಲ್ಲಿ ಗಂಟಲಿಗೆ ತಡೆಯಿಲ್ಲ. “ನಾ ನನ್ನ ಕೂಸನ್ನ ಕೊಂದಿಲ್ಲ,” ಎಂದಳು. ಕೂಗಲಿಲ್ಲ. ನಮಗೆಲ್ಲ ಕೇಳುವಷ್ಟು ಹೇಳಿದಳು, ಅಷ್ಟೆ. ಅಂಥ ನೇರ ವಾಕ್ಯವನ್ನು ನಮ್ಮ ಕಡೆಯ ಬಹಳ ಮಂದಿ ಹುಟ್ಟಿದಾರಭ್ಯ ಕೇಳಿರಲಿಲ್ಲ. ಒಬ್ಬ ಮುದುಕಿ ಕಿವಿ ಮುಚ್ಚಿಕೊಂಡಳು. ಬಸ್ಸು ಬಂತು, ವೈನಿ ತವರಿಗೆ ಹೊರಟುಹೋದಳು.

ಆ ದಿನ ಅಯ್ಯನವರು ಮಾವನ ಕೈ ಹಿಡಿದು ಕುಲುಕಿ, “ಅಧ್ಯಕ್ಷ ಅಂದ್ರ ಹಿಂಗ ಗಟ್ಟಿ ಇರಬೇಕ್ರಿ ಮಾಸ್ತರ” ಎಂದು ಹೋದರು. ಮಾವ ಅವರ ಬೆನ್ನನ್ನೇ ನೋಡುತ್ತ ಉಳಿದರು. ಆಮೇಲೆ ನನ್ನನ್ನು ಪಡಸಾಲೆಯಲ್ಲಿ ಎದುರಿಗೆ ಕೂರಿಸಿಕೊಂಡರು.

“ತೀತ, ತಬಿತಾ ಯಾಕ ಹೋದಳೋ?”

“ನೀ ಅಂದದ್ದು ತನಗಂತ ತಿಳಕೊಂಡಾಳ ಮಾಮಾ.” ಇದು ವರದಿ, ತೀರ್ಪಲ್ಲ. ಗಂಟಲು ಬಿಟ್ಟಿತು.

“ನಾ ಅಮೇರಿಕಾದ್ದು ಅಂದದ್ದು.”

“ಎಲ್ಲಾರೂ ಹಂಗ ಅಂತಾರ.”

ಮಾವ ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. “ಎಲ್ಲಾರೂ ಅಂದ್ರ? ಅಯ್ಯನವರು ಮೊನ್ನೆ ಗಡೀ ಗ್ವಾಡಿ ಸಲುವಾಗಿ ಪ್ರಾರ್ಥನಾ ಮಾಡಿದ್ರಲಾ?”

“ಅದು ಸೊಲೊಮೋನಣ್ಣನ ಹಿತ್ತಲ ಗ್ವಾಡಿ.”

“ಇಸ್ರಾಯೇಲಿಗೆ ಸಹಾಯ ನಿಲ್ಲಬಾರದು ಅಂತ ಬೇಡಕೊಂಡ್ರು.”

“ತಮ್ಮ ಹಿರೇಮಗಗ ಹೊಲ ಹೆಚ್ಚಿಗಿ ಹೋಗಬೇಕಂತ.”

“ವಿದೇಶಕ್ಕ ಕೊಡೂ ನೆರವು ನಿಲ್ಲಿಸಿದ್ದಕ್ಕ ಕೃತಜ್ಞತಾ ಸಲ್ಲಿಸಿದ್ರು. ನನಗ ಅದು ಸರಿ ಅನಸಲಿಲ್ಲ. ಮಿಸ್ಸಮ್ಮ ಬಂದದ್ದು ಅಂಥಾ ನೆರವಿನಾಗ.”

“ಅದು ಮಾಮಾ, ಅಯ್ಯನವರು ತಮ್ಮ ಮೈದುನಗ ಸೈಕಲ್ ಕೊಡೂದು ಬಿಟ್ಟದ್ದು.” ಇದನ್ನು ನಾನು ಅಯ್ಯನವರ ದನಿಯಲ್ಲೇ ಹೇಳಿದೆ. ಬೇರೆ ದಿನವಾಗಿದ್ದರೆ ಮಾವ ಮೀಸೆಯೊಳಗೆ ನಗುತ್ತಿದ್ದರು.

ಈಗ ನಗಲಿಲ್ಲ. ಎದ್ದು ಕಿಟಕಿಯ ತನಕ ಹೋಗಿ ಬಂದರು. ಇಷ್ಟು ವರ್ಷ ತಾನು ನಿಂತಿದ್ದ ಸಾಲಿನಲ್ಲಿ ಎಡಕ್ಕೂ ಬಲಕ್ಕೂ ಯಾರೂ ಇರಲಿಲ್ಲವೆಂದು ಗೊತ್ತಾದ ಮನುಷ್ಯನಂತೆ ಕಂಡರು. “ಹಂಗಾರ ಆ ದೇಶದ ಸಲುವಾಗಿ ಬೇಡಕೊಂಡದ್ದು ನಾ ಒಬ್ಬನ?” ಎಂದರು. ಒಬ್ಬನೇ ಎಂದೆ. “ದೇವರಿಗೆ ಇಷ್ಟು ಮಂದಿ ಕೇಳಾಕತ್ತಾರ, ಇಂದಿಲ್ಲ ನಾಳೆ ಆ ದೇಶ ಸುಧಾರಿಸತೈತಿ ಅಂತ ತಿಳದಿದ್ದೆ,” ಎಂದರು. ಆಮೇಲೆ ಸೊಸೆಯ ಕೋಣೆಯ ಕಡೆಗೆ ನೋಡಿ, “ಆಕಿಗೆ ಹೆಂಗ ತಿಳಸೂದೋ?” ಎಂದರು. ನಿಜವಾದ ಸಂಕಟ ಅದೇ. “ನಾನು ಅಮೆರಿಕದ ಬಗ್ಗೆಯೇ ಹೇಳಿದ್ದು” ಎನ್ನುವ ವಾಕ್ಯ ನಮ್ಮೂರಿನಲ್ಲಿ ಪ್ರತಿಯೊಬ್ಬನೂ ಏಟು ಕೊಟ್ಟ ಮೇಲೆ ಹೇಳುವಂಥದು. ಅದನ್ನು ಯಾರು ನಂಬಿಯಾರು?

ಮೊದಲು ಒಬೇದಣ್ಣನೇ ಹೋದ. ಸಂಜೆಯ ಬಸ್ಸಿಗೆ ಮರಳಿ ಬಂದ. ಗೇಟಿನಾಚೆ ಬಾಯಿಗೆ ತಡೆಯಿಲ್ಲವಾದರೂ ಹುಟ್ಟಿನಿಂದ ಬಂದ ಅಭ್ಯಾಸಕ್ಕೆ ಗೇಟು ಎಲ್ಲಿಯದು? ಹೆಂಡತಿಯ ಎದುರು ನಿಂತು ಫ್ಲಾರಿಡಾದಲ್ಲಿ ಚಂಡಮಾರುತ ಬಂದದ್ದನ್ನು, ಮನೆಗಳು ಮತ್ತೆ ಎದ್ದದ್ದನ್ನು ಹೇಳಿದನಂತೆ. ಅವಳು ಬಾಗಿಲು ಹಾಕಿಕೊಂಡಳಂತೆ. “ಭಾಳ ಚೊಲೋ ಹೇಳಿದ್ದೆಪಾ ನಾ” ಎಂದು ನನ್ನೆದುರು ಗೋಳಾಡಿದ. ಆಕೆ ಬರುವುದಿಲ್ಲ, ಅಲ್ಲಿಯೇ ವರ್ಗ ಮಾಡಿಸಿಕೊಳ್ಳುತ್ತಾಳೆ ಎಂಬ ಸುದ್ದಿಯೂ ಅವನ ಜೊತೆಯೇ ಬಂತು. ಓಣಿಯ ಕಟ್ಟೆಯ ಮೇಲೆ ಅಮೆರಿಕದ ಒಂದು ರಾಜ್ಯ ಒಕ್ಕೂಟ ಬಿಟ್ಟುಹೋಗುವ ಮಾತು ಶುರುವಾಯಿತು. ಮಾವ ಕೋಟು ಹಾಕಿಕೊಂಡು, “ನಡೀ ತೀತ” ಎಂದರು.

ಹೈಸ್ಕೂಲು ಮುಗಿದ ಮೇಲೆ ಮಾವ ಗೇಟು ದಾಟಿದ್ದು ಕಡಿಮೆ. ನಾನಾದರೋ ಜಿಲ್ಲೆಯ ಕಾಲೇಜಿನಲ್ಲಿ ಬಿ.ಎ. ಓದಿದವನು. ಹಾಸ್ಟೆಲಿನ ಊಟದ ಮನೆಯಲ್ಲಿ ಒಬ್ಬ ಹುಡುಗ ಅಡಿಗೆಯವನ ಮುಖಕ್ಕೇ ಸಾರು ಕೆಟ್ಟದಾಗಿದೆ ಎಂದದ್ದನ್ನು ಕೇಳಿ ನನಗೆ ಮೊದಲ ದಿನ ಜ್ವರ ಬಂದಿತ್ತು. ಬಸ್ಸಿನಲ್ಲಿ ಮಾವನಿಗೆ ಧೈರ್ಯ ಹೇಳಿದೆ. “ನಾ ನಿನಗ ಅಂದಿಲ್ಲವ್ವಾ, ನೀ ಏನೂ ತಪ್ಪ ಮಾಡಿಲ್ಲ, ಅಂತಂದರ ಆತು ಮಾಮಾ. ಗೇಟ್ ದಾಟಿ ಬಂದೇವಿ, ಬಾಯಿ ಬಿಡತೈತಿ.” ಮಾವ ತುಟಿ ಅಲ್ಲಾಡಿಸಿ ಅಭ್ಯಾಸ ಮಾಡುತ್ತ ಕೂತರು. ಕಂಡಕ್ಟರ್ ಇವರು ಚಿಲ್ಲರೆ ಕೇಳುತ್ತಿದ್ದಾರೆಂದು ಎರಡು ಸಲ ಬಂದು ಹೋದ.

ವೈನಿಯ ತವರುಮನೆಯ ಅಂಗಳದಲ್ಲಿ ತೊಳೆದ ಬಿಳಿ ಸೀರೆ ಹಗ್ಗದ ಮೇಲಿತ್ತು. ಆಕೆ ನಮ್ಮನ್ನು ನೋಡಿ ಒಳಗೆ ಹೋಗಲಿಲ್ಲ, ಬರ್ರಿ ಎಂದೂ ಅನ್ನಲಿಲ್ಲ. ಆಕೆಯ ತಾಯಿ ಎರಡು ಕುರ್ಚಿ ತಂದಿಟ್ಟು ಚಹಾಕ್ಕೆ ಒಳಗೆ ಹೋದರು.

“ಏನ ಸುದ್ದಿ ತಂದೀರಿ ಮಾವಾರ,” ಎಂದಳು ವೈನಿ. “ಅಲಾಸ್ಕಾದಾಗ ಹಿಮಾ ಬಿದ್ದೈತೇನು?”

ಮಾವ ಬಾಯಿ ತೆರೆದರು. “ಅಮೇರಿಕಾ...” ಎಂದು ನಿಲ್ಲಿಸಿದರು. ಬಟಾಟೆಯಿರಲಿಲ್ಲ, ನಾನು ಅವರ ಗಂಟಲನ್ನೇ ನೋಡುತ್ತಿದ್ದೆ. ದಾರಿ ತೆರೆದೇ ಇತ್ತು, ಆದರೆ ಆ ದಾರಿಯಲ್ಲಿ ಬರಬೇಕಾದ ಮಾತುಗಳು ಅವರ ಬಳಿ ಇರಲಿಲ್ಲ. ಎಪ್ಪತ್ತು ದಾಟಿದ ಮನುಷ್ಯ, ಒಬ್ಬರ ಮುಖ ನೋಡಿ ಒಂದು ಒಳ್ಳೆಯ ಮಾತನ್ನೂ ಆಡಿ ಗೊತ್ತಿಲ್ಲದವರು. ಕೈಗಳನ್ನು ಮೊಣಕಾಲಿನ ಮೇಲೆ ಸರಿಪಡಿಸಿಕೊಂಡರು, ಮತ್ತೆ ಸರಿಪಡಿಸಿಕೊಂಡರು.

ನನಗೆ ತಡೆಯಲಾಗಲಿಲ್ಲ. ಮಾವನ ದನಿಯನ್ನೇ ತೆಗೆದು, ಅದೇ ಕೆಮ್ಮು, ಅದೇ ನಿಧಾನ ಕೂಡಿಸಿ, “ಯವ್ವಾ ತಬಿತಾ, ನೀ ಭಾಳ ಚೊಲೋ ಹೆಣ್ಣಮಗಳು. ನಿನ್ನ ಕಡೆಯಿಂದ ಯಾವ ತಪ್ಪೂ ಆಗಿಲ್ಲ” ಎಂದೆ.

“ತೀತ, ನೀ ಸುಮ್ಕಿರು,” ಎಂದಳು ವೈನಿ. “ಅದು ಅವರ ಬಾಯಿಂದ ಬರಬೇಕು. ಬರೂದಿಲ್ಲ ಅಂದ್ರ ಬ್ಯಾಡ.” ಆಮೇಲೆ ಮಾವನ ಕಡೆಗೆ ತಿರುಗಿ, ಅಷ್ಟು ದಿನ ಕೂಡಿಟ್ಟದ್ದನ್ನೆಲ್ಲ ಆಡಿದಳು. ಆಸ್ಪತ್ರೆಯಲ್ಲಿ ಬೇರೆಯವರ ಮಕ್ಕಳನ್ನು ಹಿಡಿದ ಕೈ ಇದು. ಸ್ವಂತ ಮಗುವನ್ನು ಬೇಡವೆಂದೀತೇ? ಡ್ಯೂಟಿ ಬಿಟ್ಟು ಮಲಗಿದ್ದರೂ ಅದು ಉಳಿಯುತ್ತಿರಲಿಲ್ಲವೆಂದು ಡಾಕ್ಟರು ಹೇಳಿದ್ದರು. ಮನೆಯಲ್ಲಿ ಯಾರಾದರೂ ಬೈದಿದ್ದರೂ ಸಹಿಸಿಕೊಳ್ಳುತ್ತಿದ್ದಳು, ಸುಮ್ಮನೆ ಹಾಲು ಇಟ್ಟು ಹೋಗುವುದನ್ನು ಸಹಿಸುವುದು ಹೇಗೆ? ಆಮೇಲೆ ಸಭೆಯ ಮುಂದೆ ಎದ್ದು ನಿಂತು ರಕ್ತ ಎಂದಿರಿ. ಹೇಳುತ್ತ ಹೇಳುತ್ತ ದನಿ ಏರಲಿಲ್ಲ, ಇಳಿಯುತ್ತ ಹೋಯಿತು. ನೇರ ಮಾತನ್ನು ಎದುರಿಗೆ ಕೂತು ಕೇಳುವುದು ಮಾವನಿಗೆ ಹೊಸದು. ಮಳೆಯಲ್ಲಿ ಕೊಡೆಯಿಲ್ಲದೆ ನಿಂತವರಂತೆ ಕೂತಿದ್ದರು. ಆದರೆ ಏಳಲಿಲ್ಲ, ಮುಖ ತಿರುಗಿಸಲೂ ಇಲ್ಲ.

ವೈನಿ ಮಾತು ಮುಗಿಸಿದಳು. ಆಮೇಲೆ ಮಾವ ಕೇಳಿದರು, “ಹೆಣ್ಣಿತ್ತೋ, ಗಂಡಿತ್ತೋ?”

ವೈನಿಯ ಕೈ ಸೆರಗಿನ ತುದಿಯಲ್ಲಿ ನಿಂತಿತು. “ಹೆಣ್ಣು,” ಎಂದಳು.

“ನೀ ನೋಡಿದ್ಯಾ?”

“ನೋಡಿದೆ. ಸಣ್ಣ ಸಣ್ಣ ಉಗುರಿದ್ದುವು ಮಾವಾರ. ಕಣ್ಣು ಮುಚ್ಚಿದ್ದಳು.”

“ಯಾರ ಹಂಗಿದ್ದಳು?”

“ಅಷ್ಟ ಸಣ್ಣದು, ಏನ ಗೊತ್ತಾಕ್ಕೈತ್ರಿ.” ಸ್ವಲ್ಪ ತಡೆದು, “ಹಣಿ ಮಾತ್ರ ನಿಮ್ಮಂಗ ಅಗಲಿತ್ತು,” ಎಂದಳು. ಆಮೇಲೆ ಅತ್ತಳು. ಮಾವ ಕುರ್ಚಿಯಿಂದ ಎದ್ದು ಹೋಗಿ ಆಕೆಯ ತಲೆಯ ಮೇಲೆ ಕೈಯಿಟ್ಟು ನಿಂತರು. ಅಳುವಿನ ನಡುವೆ ಆಕೆ “ಒಬ್ಬರೂ ಕೇಳಲಿಲ್ಲ. ಇಷ್ಟ ದಿನಾ ಆದರೂ ಒಬ್ಬರೂ ಇದನ್ನ ಕೇಳಲಿಲ್ಲ” ಎಂದದ್ದು ನನಗೆ ಕೇಳಿಸಿತು.

ಆ ಪ್ರಶ್ನೆ ಕೇಳಲು ಗೇಟು ದಾಟಬೇಕಾಗಿರಲಿಲ್ಲ ಎಂಬುದು ನನಗೆ ಹೊಳೆದದ್ದು ಆಗ. ಅದರಲ್ಲಿ ತೀರ್ಪಿಲ್ಲ, ಹೊಗಳಿಕೆಯಿಲ್ಲ, ಬೈಗುಳವಿಲ್ಲ. ಊರಿನ ಯಾವ ಗಂಟಲೂ ಅದಕ್ಕೆ ಅಡ್ಡ ಬರುತ್ತಿರಲಿಲ್ಲ. ಉಪ್ಪು ಕೇಳಿದಂತೆ ಕೇಳಬಹುದಾಗಿತ್ತು. ಆಡಲಾಗದ ಮಾತುಗಳನ್ನು ಸುತ್ತಿ ಬಳಸಿ ಆಡುವುದರಲ್ಲಿ ನಾವೆಲ್ಲ ಎಷ್ಟು ಜಾಣರಾಗಿದ್ದೆವೆಂದರೆ, ಆಡಬಹುದಾದ ಮಾತುಗಳು ಉಳಿದಿವೆಯೆಂಬುದೇ ಮರೆತಿತ್ತು.

ಚಹಾ ಬಂತು. ವೈನಿ ಮುಖ ತೊಳೆದು ಬಂದು ಕೂತಳು. “ಒಂದ ಮಾತು ಖರೇ ಹೇಳ್ರಿ,” ಎಂದಳು. “ಅವತ್ತ ನೀವು ಅಂದದ್ದು ಯಾರಿಗೆ?”

“ಅಮೇರಿಕಾಕ್ಕವ್ವಾ.”

“ಖರೇ ಅಮೇರಿಕಾಕ್ಕ?”

“ಖರೇ ಅಮೇರಿಕಾಕ್ಕ,” ಎಂದರು ಮಾವ. ನಾನು ಹೌದೆಂದು ತಲೆಯಾಡಿಸಿದೆ. ಗೇಟಿನಾಚೆ ಇದ್ದದ್ದರಿಂದ ಬಾಯಿ ಬಿಟ್ಟೂ ಹೇಳಿದೆ. ಮಾವ ಮಿಸ್ಸಮ್ಮನಿಂದ ಶುರುಮಾಡಿ ಕೋರ್ಟಿನ ತೀರ್ಪು, ರಾಜ್ಯಗಳ ಕಾನೂನು ಎಲ್ಲವನ್ನೂ ಹೇಳಿದರು. ಹೇಳುತ್ತ ಒಮ್ಮೆ ತಡವರಿಸಿ, “ಆದ್ರ ಅವತ್ತ ಕಣ್ಣೀರು ಬಂತಲಾ, ಅದು ಬರೇ ಅಮೇರಿಕಾದ್ದ ಇತ್ತೋ ಏನೋ, ನನಗೂ ಗೊತ್ತಿಲ್ಲವ್ವಾ” ಎಂದರು.

ವೈನಿ ಬಸಿಯಲ್ಲಿದ್ದ ಚಹಾ ಮುಗಿಸಿ ಬಸಿ ಕೆಳಗಿಟ್ಟಳು. “ಅಮೇರಿಕಾದ್ದ ಅಂದಮ್ಯಾಲೆ ಅದರದ್ದ ಮಾತಾಡೂಣು,” ಎಂದಳು. “ನಿಮ್ಮ ಮಾತು ನಾ ಒಪ್ಪೂದಿಲ್ಲ ಮಾವಾರ. ನಮ್ಮ ದವಾಖಾನ್ಯಾಗ ನನಗ ರಕ್ತ ನಿಲ್ಲವಲ್ಲದಾಗಿತ್ತು, ಕೂಸನ್ನ ಲಗೂನ ಹೊರಗ ತಗೀಬೇಕಾಗಿತ್ತು. ಡಾಕ್ಟರು ಕಾನೂನ ಪುಸ್ತಕ ನೋಡಕೋಂತ ಕುಂತಿದ್ರ ನಾ ಇವತ್ತ ನಿಮಗ ಚಾ ಕೊಡಾಕ ಇರತಿದ್ದಿಲ್ಲ. ಅಲ್ಲೆ ಇದನ್ನೂ ಗರ್ಭಪಾತ ಅಂದಾರಂತ ಕಾನೂನಿಗೆ ಅಂಜಿ ಡಾಕ್ಟರು ಕೈ ಕಟಗೊಂಡ ನಿಂತ್ರ, ನನ್ನಂಥಾಕಿ ಒಬ್ಬಾಕಿ ಬಾಗಿಲಾಗ ಕುಂತಿರತಾಳ. ನಿಮ್ಮ ಪ್ರಾರ್ಥನ್ಯಾಗ ಆಕಿ ಎಲ್ಲೆದಾಳ?”

“ಕೂಸಿನ ಜೀವ ದೇವರು ಕೊಟ್ಟದ್ದಲ್ಲೇನವ್ವಾ?”

“ತಾಯೀದು ಯಾರು ಕೊಟ್ಟದ್ರಿ?”

ಮಾವ ಕೋಟಿನ ಗುಂಡಿ ತಿರುಗಿಸುತ್ತ ಯೋಚಿಸಿದರು. ಗಣಿತದ ಮಾಸ್ತರರು, ಉತ್ತರ ಬರುವವರೆಗೆ ಬಾಯಿ ತೆರೆಯುವವರಲ್ಲ. “ಆಕಿ ಸಲುವಾಗೂ ಬೇಡಕೋತೇನಿ,” ಎಂದರು ಕೊನೆಗೆ. “ಆಕಿ ನನ್ನ ಲಕ್ಷ್ಯಕ್ಕ ಬಂದಿದ್ದಿಲ್ಲ. ಆದ್ರ ಕಾನೂನಿನ ಮಾತು ನಾ ಬಿಡೂದಿಲ್ಲ. ಹುಟ್ಟಲಾರದ ಕೂಸಿನ ಪರವಾಗಿ ಮಾತಾಡಾಕ ಯಾರರ ಒಬ್ಬರು ಇರಬೇಕು.”

“ನಾನೂ ಬಿಡೂದಿಲ್ಲ,” ಎಂದಳು ವೈನಿ, ಎದ್ದು ಹಗ್ಗದ ಮೇಲಿನ ಸೀರೆಯನ್ನು ಮಡಚುತ್ತ. ಅದನ್ನು ಚೀಲಕ್ಕೆ ತುಂಬಿದ್ದನ್ನು ನೋಡಿದ ಮೇಲೆಯೇ ನನಗೆ ಆಕೆ ಬರುತ್ತಾಳೆಂದು ಗೊತ್ತಾದದ್ದು.

ಬಸ್ಸಿನ ದಾರಿಯುದ್ದಕ್ಕೂ ಇಬ್ಬರೂ ವಾದಿಸಿದರು. ಗೇಟು ದಾಟಿ ಊರೊಳಗೆ ಬಂದರೂ ವಾದ ನಿಲ್ಲಲಿಲ್ಲ. ನಿಲ್ಲಬೇಕಾದ ಕಾರಣವೇ ಇರಲಿಲ್ಲ. ಅಮೆರಿಕದ ಬಗ್ಗೆ ಇಲ್ಲಿ ಯಾರು ಏನು ಬೇಕಾದರೂ ಹೇಳಬಹುದು. ಈಗ ಸಂಜೆ ಡ್ಯೂಟಿ ಮುಗಿಸಿ ಬಂದ ವೈನಿ, ಕೋಟು ಕಳಚಿಟ್ಟ ಮಾವ ಪಡಸಾಲೆಯಲ್ಲಿ ಕೂತು ಯುದ್ಧದ ನೆರವು, ವಲಸೆ ಬಂದವರು, ಶಾಲೆಯ ಪ್ರಾರ್ಥನೆ ಎಂದು ಗುದ್ದಾಡುತ್ತಾರೆ. ಒಬ್ಬರ ಮಾತಿಗೆ ಇನ್ನೊಬ್ಬರು ಸೋತದ್ದನ್ನು ನಾನು ಕಂಡಿಲ್ಲ. ಒಬೇದಣ್ಣ ನಡುವೆ ಕೂತು ಶೇಂಗಾ ಸುಲಿದು ಇಬ್ಬರಿಗೂ ಕೊಡುತ್ತಾನೆ. ಓಣಿಗೆ ಮಾತ್ರ ನಿದ್ರೆ ಕೆಟ್ಟಿದೆ. ಆ ಮನೆ ಒಡೆಯುತ್ತಿದೆ ಎಂದು ಕಟ್ಟೆಯವರು ತಿಳಿದಿದ್ದಾರೆ. ಒಂದು ದಿನ ಅಯ್ಯನವರೇ ನನ್ನನ್ನು ತಡೆದು, “ತೀತ, ಯುಕ್ರೇನ್ ಅಂದ್ರ ಯಾರಪಾ ಅವರ ಮನ್ಯಾಗ?” ಎಂದು ಪಿಸುಗುಟ್ಟಿದರು. ಯುಕ್ರೇನ್ ಅಂದ್ರ ಯುಕ್ರೇನ್ ರೀ ಎಂದೆ. ಅಯ್ಯನವರು ನನ್ನ ಹೆಗಲು ತಟ್ಟಿ, ಇಷ್ಟು ದೊಡ್ಡ ಗುಟ್ಟನ್ನು ಹೊತ್ತ ನನ್ನ ಮೇಲೆ ಮರುಕಪಡುತ್ತ ಹೋದರು.

ವೈನಿ ಮರಳಿ ಬಂದ ನಂತರದ ಮೊದಲ ಭಾನುವಾರ ಮಾವ ರಾಷ್ಟ್ರಗಳಿಗಾಗಿ ಪ್ರಾರ್ಥಿಸಲು ಎದ್ದಾಗ ಸಭೆಯಲ್ಲಿ ಕೆಮ್ಮು ಸಹ ಇರಲಿಲ್ಲ. “ಪರಲೋಕದ ತಂದೆಯೇ,” ಎಂದರು, “ಆ ದೇಶದಲ್ಲಿ ಒಬ್ಬ ತಾಯಿ ಆಸ್ಪತ್ರೆಯ ಬಾಗಿಲಲ್ಲಿ ಕೂತಿದ್ದಾಳೆ. ಅವಳಿಗೆ ಕೂಸು ಬೇಕಾಗಿತ್ತು. ಅವಳ ರಕ್ತ ನಿಲ್ಲುತ್ತಿಲ್ಲ. ಒಳಗಿರುವವರು ಅಂಜಿ ಕೂತಿದ್ದಾರೆ. ಅವರ ಅಂಜಿಕೆಯನ್ನು ತೆಗೆದುಬಿಡು. ಅವಳನ್ನು ಬದುಕಿಸು.” ಜನ ಒಬ್ಬರ ಮುಖ ಒಬ್ಬರು ನೋಡಿದರು. ಇದನ್ನು ಯಾವ ಮನೆಗೆ ಹೊಂದಿಸುವುದೆಂದು ಯಾರಿಗೂ ತಿಳಿಯಲಿಲ್ಲ.

ಮಾವ ಉಸಿರೆಳೆದುಕೊಂಡರು. ಮುಂದಿನ ಮಾತು ಕಾನೂನಿನದೆಂದು ನನಗೆ ಗೊತ್ತಿತ್ತು, ವೈನಿಗೂ ಗೊತ್ತಿತ್ತು. ಪ್ರಾರ್ಥನೆ ಮುಗಿಯುವ ಮೊದಲೇ, ಆ ಸಣ್ಣ ನಿಲುಗಡೆಯಲ್ಲಿ, ಹೆಂಗಸರ ಮೂರನೆಯ ಸಾಲಿನಿಂದ ಆಕೆ ಗಟ್ಟಿಯಾಗಿ ಆಮೆನ್ ಎಂದುಬಿಟ್ಟಳು. ಇಲ್ಲಿಯವರೆಗಿನದಕ್ಕೆ ಅಷ್ಟೆ, ಮುಂದಿನದಕ್ಕೆ ತನ್ನ ಒಪ್ಪಿಗೆಯಿಲ್ಲ ಎಂಬಂತೆ. ಅಯ್ಯನವರು ಬೆಚ್ಚಿ ಕಣ್ಣು ತೆರೆದರು. ಮಾವ ಕಣ್ಣು ತೆರೆಯಲಿಲ್ಲ. ಆ ಆಮೆನ್ ಚರ್ಚಿನ ಛಾವಣಿಯನ್ನು ಮುಟ್ಟಿ ಇಳಿಯುವವರೆಗೆ ಕಾದರು, ಆಮೇಲೆ ತಮ್ಮ ಪಾಲಿನ ಉಳಿದ ಪ್ರಾರ್ಥನೆಯನ್ನು ಮುಂದುವರಿಸಿದರು.